ಲಾಭ ಆದ ಮೇಲೆ ಎಷ್ಟು?

ಲಾಡಲೇಸಾಬನ ದನಿ ನನಗೆ ಜೋಳಿಗೆಯಲ್ಲಿದ್ದಾಗಿನಿಂದ ಗೊತ್ತು. ತಿಕೋಟಾದಲ್ಲಿ ಪ್ರಲ್ಹಾದರಾಯರ ಹೊಲದ ಶೇಂಗಾ ಕೀಳುವ ಕಾಲ ಬಂತೆಂದರೆ ನಮ್ಮವ್ವ ಹುಲಿಗೆವ್ವ ಬದುವಿನ ಬೇವಿನ ಗಿಡಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿ, ನನ್ನನ್ನು ಅದರಲ್ಲಿ ಹಾಕಿ, ತಾನು ಬಳ್ಳಿಯಿಂದ ಕಾಯಿ ಹರಿಯಲು ಕೂಡುತ್ತಿದ್ದಳು. ಸಂಜೆ ಹರಿದ ಕಾಯಿಯನ್ನೆಲ್ಲ ಒಂದು ಕಡೆ ರಾಶಿ ಮಾಡಿದ ಮೇಲೆ ಲಾಡಲೇಸಾಬ ಚಿಮಣಿ ಎಣ್ಣೆಯ ಖಾಲಿ ಡಬ್ಬಿ ಹಿಡಿದು ಅಳೆಯಲು ನಿಲ್ಲುತ್ತಿದ್ದ. ರಾಯರು ವಿಜಾಪುರದಲ್ಲಿ ವಕೀಲರು. ಹೊಲದ ಉಸ್ತುವಾರಿಯೆಲ್ಲ ಸಾಬನದೇ. ಮೊದಲ ಡಬ್ಬಿ ಎತ್ತಿ "ಲಾಭ!" ಎಂದು ಆತ ಕೂಗಿದರೆ ಆಚೆ ಹೊಲದ ಎತ್ತುಗಳು ಮೇಯುವುದು ಬಿಟ್ಟು ತಿರುಗಿ ನೋಡುತ್ತಿದ್ದವು.

ನಮ್ಮ ಸೀಮೆಯಲ್ಲಿ ರಾಶಿಯ ಮುಂದೆ 'ಒಂದು' ಅನ್ನುವುದಿಲ್ಲ. ಒಂದು ಎಂದರೆ ಒಂಟಿ. ಒಂದು ಎಂದರೆ ಅಷ್ಟಕ್ಕೇ ಮುಗಿಯಿತು, ರಾಶಿ ಏಳುವುದಿಲ್ಲ ಎಂಬ ಹೆದರಿಕೆ. ಅದಕ್ಕೇ ಮೊದಲ ಅಳತೆಗೆ 'ಲಾಭ' ಅನ್ನಬೇಕು. ಇದಕ್ಕೆ ಜಾತಿಯಿಲ್ಲ. ಸಾಬನೂ ಅನ್ನುತ್ತಾನೆ, ರಾಯರೂ ಅನ್ನುತ್ತಾರೆ, ಬೌದ್ಧರಾದ ನಾವೂ ಅನ್ನುತ್ತೇವೆ.

ಅರವತ್ತೊಂದನೆಯ ಇಸವಿ, ದೀಪಾವಳಿ ಇನ್ನೂ ಮುಂದಿತ್ತು. ವಿಜಾಪುರದ ಪೇಟೆಯಲ್ಲಿ ನಾನು ಹಮಾಲಿ ಮಾಡುತ್ತಿದ್ದೆ. ನಾಲ್ಕನೆಯ ಇಯತ್ತೆ ಮುಗಿಯುವ ಮೊದಲೇ ಸಾಲಿ ಬಿಟ್ಟವನಿಗೆ ಅಲ್ಲಿ ಸಿಗುವುದು ಚೀಲವೊಂದೇ, ಅದೂ ಬೆನ್ನ ಮೇಲೆ. ಆ ದಿನ ಪ್ರಲ್ಹಾದರಾಯರ ಮೊದಲ ಗಾಡಿಯ ಮಾಲು ಬಂದಿತ್ತು. ನಾನು ಗಾಡಿಯಿಂದ ಚೀಲ ಇಳಿಸಿ ಅಡತಿ ಅಂಗಡಿಯ ದಲಾಲನ ತಕ್ಕಡಿಗೆ ತಂದು ಹಾಕುತ್ತಿದ್ದೆ. ಮಾಲಿನ ಜೊತೆ ಬಂದ ಲಾಡಲೇಸಾಬ ತಕ್ಕಡಿಯ ಬದಿಗೆ ನಿಂತು ಎಣಿಸುತ್ತಿದ್ದ.

"ಲಾಭ!" ಎಂದ. ಮೊದಲ ಚೀಲ ಆಯಿತು.

"ಎರಡ!" ಎಂದ. ಎರಡನೆಯದು.

"ಮೂರ!"

ನಾನು ನಾಲ್ಕನೆಯ ಚೀಲ ಹೊತ್ತವನು ಹೊತ್ತಲ್ಲೇ ನಿಂತುಬಿಟ್ಟೆ. ಏನೋ ತಪ್ಪಿದಂತೆ ಅನಿಸಿತು. ದಿನವೂ ಮೆಟ್ಟುವ ಮೆಟ್ಟಿಲು ಒಂದು ಇಲ್ಲದೆ ಹೋದರೆ ಕಾಲು ಹೇಗೆ ಜೋಲಿ ಹೊಡೆಯುತ್ತದೋ ಹಾಗೆ. ಹೊಲದಲ್ಲಿ ಸಾಬ "ಲಾಭ" ಎಂದು ಗಂಟಲು ಹರಿಯುವಂತೆ ಕೂಗಿ, ಆ ಡಬ್ಬಿಯನ್ನು ರಾಯರ ಚೀಲಕ್ಕೆ ಸುರಿದು, ಮುಂದಿನ ಡಬ್ಬಿಗೆ ಮೂಗಿನಲ್ಲೇ "ಒಂದ" ಎಂದು ಗೊಣಗುತ್ತಿದ್ದ. ಆಮೇಲೆ ಎರಡು, ಮೂರು. ಹತ್ತನೆಯ ಡಬ್ಬಿ ಹೆಂಗಸರ ಪಾಲು. ಹತ್ತಕ್ಕೊಂದು; ಅದೇ ಕೂಲಿ, ರೊಕ್ಕ ಇಲ್ಲ. ಅದು ಮುಗಿದರೆ ಹೊಸ ಸುತ್ತು, ಹೊಸ ಲಾಭ. ನಾನು ಹುಟ್ಟಿದಾಗಿನಿಂದ ಕೇಳಿದ್ದು ಲಾಭ, ಒಂದು, ಎರಡು. ಇಲ್ಲಿ ಆ ಗೊಣಗುವಿಕೆಯೇ ಇರಲಿಲ್ಲ.

"ಏನಲೇ ಧೂಳಪ್ಪ, ಚೀಲಕ್ಕ ಲಾಲಿ ಹಾಡಾಕತ್ತೀಯೇನ? ಇಳಸ!" ಎಂದು ಸಾಬ ಗದರಿಸಿದ.

ಇಳಿಸಿದೆ. "ಸಾಬಣ್ಣ, ಒಂದು ಎಲ್ಲಿ ಹೋತು?" ಎಂದು ಕೇಳಿದೆ.

"ಯಾವ ಒಂದು?"

"ಲಾಭ ಆದಮ್ಯಾಲ ಒಂದು ಅನ್ನಲಿಲ್ಲ ನೀ."

"ಲಾಭಾನ ಒಂದಲ್ಲೇನಲೇ, ಹುಚ್ಚಪ್ಯಾಲಿ! ಮ್ಯಾಲ ಮತ್ತೊಂದು ಒಂದು ಅಂದ್ರ ರಾಯರ ಒಂದು ಚೀಲ ಅಡತಿಯವನಿಗೆ ಪುಕ್ಕಟೆ ಹೋಗೂದಿಲ್ಲೇನ? ನನ್ನ ಚರ್ಮ ಸುಲಿದು ಮೆಟ್ಟ ಹೊಲಸ್ತಾರ ರಾಯರು."

"ಮತ್ತ ಹೊಲದಾಗ?"

ಸಾಬ ಎಲೆ ಅಡಿಕೆ ಉಗುಳಿದ. ನನ್ನ ಮುಖ ನೋಡಲಿಲ್ಲ. "ಹೊಲ ಬ್ಯಾರೆ, ಪ್ಯಾಟಿ ಬ್ಯಾರೆ. ನಡಿ, ಚೀಲ ತಾ," ಎಂದ.

ಉಳಿದ ಚೀಲಗಳನ್ನು ಹೇಗೆ ಹೊತ್ತೆನೋ ತಿಳಿಯದು. ಬೆರಳು ಮಡಚಿ ಲೆಕ್ಕ ಹಾಕುತ್ತಲೇ ಹೊತ್ತೆ. ಅಪ್ಪಟ ಹತ್ತಕ್ಕೊಂದು ಎಂದು ಹೇಳಿ ಹನ್ನೊಂದಕ್ಕೊಂದು ಕೊಡುತ್ತಿದ್ದರು. ಹತ್ತು ಸುತ್ತು ಅಳೆದರೆ ಹತ್ತು ಡಬ್ಬಿ ಲೆಕ್ಕದ ಹೊರಗೆ. ಆ ಹತ್ತು ಡಬ್ಬಿಯಲ್ಲಿ ನಮ್ಮ ಹೆಂಗಸರದೊಂದು ಡಬ್ಬಿ ಇತ್ತು. ಒಂದು ಡಬ್ಬಿ ಕಾಯಿ ರಾಯರ ಮನೆಯಲ್ಲಿ ಸಂಜೆ ಮಾತಾಡುತ್ತ ಸುಲಿದು ತಿನ್ನುವ ಬಾಬತ್ತು. ನಮ್ಮ ಕೇರಿಯಲ್ಲಿ ಅದು ಗಾಣಕ್ಕೆ ಹೋದರೆ ಎಣ್ಣೆ, ಕುಟ್ಟಿದರೆ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ. ಬೇಸಿಗೆ ಬರುವುದರೊಳಗೆ ನಮ್ಮಲ್ಲಿ ಎಣ್ಣೆಯ ಗಡಿಗೆ ಒಣಗಿ ಮಕ್ಕಳ ತಲೆಗೂದಲು ತೆಂಗಿನ ನಾರಿನಂತೆ ಆಗುತ್ತಿತ್ತು. ಆಗ ಎಲ್ಲರೂ ಅನ್ನುತ್ತಿದ್ದದ್ದು, ಹೆಂಗಸರಿಗೆ ಹಿಡಿದು ಖರ್ಚು ಮಾಡಲು ಬರುವುದಿಲ್ಲ ಎಂದು. ನಮ್ಮಪ್ಪ ಬದುಕಿದ್ದಾಗ ಅವನೂ ಹಾಗೇ ಅಂದು ಅವ್ವನ ಮೇಲೆ ಕೈ ಮಾಡಿದ್ದುಂಟು. ಎಣ್ಣೆ ಎಲ್ಲಿ ಹೋಯಿತು? ಒಂದು ಪವಿತ್ರವಾದ ಶಬ್ದದೊಳಗೆ ಹೋಗಿತ್ತು.

ಮರುದಿನ ಮಧ್ಯಾಹ್ನ ಪೇಟೆಯ ಕೆಲಸ ಬಿಟ್ಟು ತಿಕೋಟಾದ ಬಸ್ಸು ಹತ್ತಿದೆ. ಹೊಲ ಮುಟ್ಟುವ ಹೊತ್ತಿಗೆ ಹೆಂಗಸರು ದಿನವೆಲ್ಲ ಹರಿದ ಕಾಯಿಯನ್ನು ರಾಶಿ ಮಾಡಿ ಸುತ್ತ ನಿಂತಿದ್ದರು. ಗುಂಪಿನ ಮುಂದಾಳು ನಮ್ಮವ್ವ. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು, ಸೊಂಟಕ್ಕೆ ಕಟ್ಟಿದ ಸೆರಗು. ಅವಳ ಪಕ್ಕ ಸಾವಂತ್ರವ್ವ. ಕೇರಿಯಲ್ಲಿ ಆಕೆಯ ನಾಲಿಗೆಗೆ ಹೆದರದವರಿಲ್ಲ.

"ಏನೋ ಹಮಾಲ ಸಾಹೇಬ, ಪ್ಯಾಟಿ ಬಿಟ್ಟು ಬಂದಿ? ಅಲ್ಲಿ ಚೀಲ ಎಲ್ಲಾ ತೀರಿದುವೇನ?" ಎಂದಳು ಸಾವಂತ್ರವ್ವ.

ನಾನು ರಾಶಿಯ ಹತ್ತಿರ ಹೋಗಿ ನಿಂತೆ. ಸಾಬ ಡಬ್ಬಿ ತುಂಬಿ ಎತ್ತಿದ. "ಲಾಭ!"

"ಒಂದು!" ಎಂದು ನಾನು ಕೂಗಿದೆ.

ಸಾಬ ಎತ್ತಿದ ಡಬ್ಬಿಯನ್ನು ಹಾಗೇ ಹಿಡಿದ. ಮರುಗಳಿಗೆ ನನ್ನ ಬೆನ್ನಿಗೆ ಧಪ್ಪನೆ ಗುದ್ದು ಬಿತ್ತು. ಗುದ್ದಿದವಳು ನಮ್ಮವ್ವ.

"ರಾಶಿ ಮುಂದ ಒಂದ ಅಂತಾರೇನೋ, ಮುಕಳ್ಯಾಗ ಬುದ್ಧಿ ಇಟ್ಟಾಂವಾ! ಉಗುಳಬೇ, ಎಲ್ಲಾರೂ ಉಗುಳ್ರಿ!"

ಹೆಂಗಸರೆಲ್ಲ ಥೂ ಥೂ ಎಂದು ಎಡಕ್ಕೆ ಉಗುಳಿದರು. ನನ್ನ ತಲೆ ಕಾದ ಹಂಚಾಯಿತು.

"ಯವ್ವಾ, ಇದ ಮೊದಲನೇ ಡಬ್ಬಿ ಹೌದಲ್ಲ? ಮೊದಲನೇದು ಒಂದು. ಲಾಭ ಗೀಭ ಬ್ಯಾಡ. ನಿಮ್ಮನ್ನ ಸುಲಿಯಾಕತ್ತಾರ. ಪ್ಯಾಟ್ಯಾಗ ಇದ ಸಾಬ ಲಾಭಾನ ಎಣಸ್ತಾನ, ಇಲ್ಲಿ ಎಣಸೂದಿಲ್ಲ. ಒಂದು ಅಂತ ಸುರು ಮಾಡ್ರಿ, ಇಲ್ಲಾಂದ್ರ ಅಳಿಯಾಕ ಬಿಡಬ್ಯಾಡ್ರಿ!"

"ನಾವು ಒಂದ ಅನ್ನೂದಿಲ್ಲ," ಎಂದಳು ಸಾವಂತ್ರವ್ವ. "ಬೇಕಾದ್ರ ಮುಂದ ನಿನಗ ಹೇಂತಿ ಬರ್ತಾಳಲ್ಲ, ಅಕಿ ಕಡಿಂದ ಅನಿಸು."

"ಬೌದ್ಧರಾದಮ್ಯಾಲೂ ಇದೇನಬೇ ಯವ್ವಾ? ದೇವರನ್ನೆಲ್ಲಾ ಹೊಳಿಗೆ ಬಿಟ್ಟು ಬಂದ್ರಿ..."

"ದೇವರ ಬಿಟ್ಟೇನಿ, ರಾಶಿ ಬಿಟ್ಟಿಲ್ಲ," ಎಂದಳು ಅವ್ವ. "ದೇವರು ಹೊಟ್ಟಿಗೆ ಹಾಕಿರಲಿಲ್ಲ, ರಾಶಿ ಹಾಕತೈತಿ."

ನಾನು ಸಾಬನ ಕೈಯಿಂದ ಡಬ್ಬಿ ಕಸಿದುಕೊಂಡು ಬದುವಿನಾಚೆ ಎಸೆದೆ. ಅದು ಕಲ್ಲಿಗೆ ಬಡಿದು ಸದ್ದು ಮಾಡಿತು. ಸಾಬ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ ಕೂಡ. ಹೋಗಿ ಡಬ್ಬಿ ಎತ್ತಿಕೊಂಡು, ಒಳಗೆ ಕೈ ಹಾಕಿ ತಗ್ಗು ಬಿದ್ದದ್ದನ್ನು ಗುದ್ದಿ ಸರಿ ಮಾಡುತ್ತ ಅವ್ವನಿಗೆ ಹೇಳಿದ: "ಹುಲಿಗೆವ್ವ, ಇವತ್ತು ಅಳತಿ ಇಲ್ಲ. ರಾಶಿ ಇಲ್ಲೇ ಇರಲಿ, ನಮ್ಮ ಆಳು ಕಾಯ್ತಾನ. ನಾ ರಾಯರಿಗೆ ಹೇಳಿ ಕಳಸ್ತೇನಿ. ನಾಳೆ ನೀವು ಬರೂದು ಬ್ಯಾಡ."

ಕೇರಿಗೆ ಹೋಗುವಾಗ ಹೆಂಗಸರು ನನ್ನನ್ನು ಹಿಂದೆ ಬಿಟ್ಟು ಮುಂದೆ ನಡೆದರು. ದಿನವೆಲ್ಲ ಹರಿದ ಕಾಯಿ ಹೊಲದಲ್ಲೇ ಉಳಿದಿತ್ತು. ಕೈಗೆ ಏನೂ ಬಂದಿರಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ನಾನು ವಿಜಾಪುರಕ್ಕೆ ಹೋಗಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ರಾಯರ ಮನೆಯ ಮುಂದೆ ನಿಂತೆ. ರಾಯರು ಪಡಸಾಲೆಯಲ್ಲಿ ಕುಳಿತು ಭಾಷಣ ಸಿದ್ಧ ಮಾಡುತ್ತಿದ್ದರು. ಆಗ ಸೇರು, ಮಣ ಹೋಗಿ ಕಿಲೋ ಬರುತ್ತಿದ್ದ ಕಾಲ. ಹೊಸ ತೂಕದ ವಿಷಯ ಜನಕ್ಕೆ ತಿಳಿಸಿ ಹೇಳುವ ದೊಡ್ಡ ಮನುಷ್ಯರಲ್ಲಿ ಅವರೂ ಒಬ್ಬರು. ಅವರ ಮುಂದೆ ಕಾಗದದ ಮೇಲೆ ಮಿರಿಮಿರಿ ಮಿಂಚುವ ಕಿಲೋ ಕಲ್ಲೊಂದು ಕುಳಿತಿತ್ತು.

"ಬಾರೋ ಧೂಳಪ್ಪ, ಕೂಡು," ಎಂದರು. ಕೂಡು ಎಂದದ್ದು ಮೆಟ್ಟಿಲ ಮೇಲೆ. ಹೊರಗಿನ ಗೂಡಿನಲ್ಲಿ ನಮ್ಮಂಥವರಿಗೆಂದು ಇಟ್ಟ ಕಿವಿ ಮುರಿದ ಕಪ್ಪು ಇತ್ತು. ಅದನ್ನು ನಾನೇ ತೊಳೆದುಕೊಂಡು ಹಿಡಿದರೆ ಅವರ ಹೆಂಡತಿ ರಾಧಾಬಾಯಿಯವರು ಮೇಲಿನಿಂದ ಚಹಾ ಸುರಿದರು. ಕುಡಿಯಲಿಲ್ಲ. ಪಕ್ಕಕ್ಕೆ ಇಟ್ಟೆ.

"ಏನ ವಿಷಯ? ಲಾಡಲೇಸಾಬ ನಿನ್ನೆ ಕಡೀ ಬಸ್ಸಿಗೆ ಮಂದಿ ಕೈಲೆ ಹೇಳಿ ಕಳಿಸ್ಯಾನ. ನೀ ಹೇಳು, ಕೇಳ್ತೀನಿ. ಎರಡೂ ಬಾಜೂ ಕೇಳೂದು ನನ್ನ ಧರ್ಮ ಅದ," ಎಂದರು.

ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ನಕ್ಕರು. ಆ ನಗೆಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಬರುವುದಕ್ಕೆ ನಾನು ಅಷ್ಟು ದೊಡ್ಡವನಾಗಿರಬೇಕಲ್ಲ.

"ಲಾಭ ಅನ್ನೂದು ನಂದಲ್ಲೋ ಹುಡುಗಾ. ಅದು ಭೂಮಿತಾಯಿದು. ಮೊದಲ ಅಳತಿ ಆಕೀಗೆ ಮೀಸಲು. ನಾನೂ ಅದರ ಲೆಕ್ಕ ಕೇಳೂದಿಲ್ಲ, ನೀವೂ ಕೇಳಬಾರದು. ನಮ್ಮ ಅಜ್ಜಾ ಮುತ್ತ್ಯಾರ ಕಾಲದಿಂದ ನಡಕೊಂಡ ಬಂದದ್ದು."

"ಭೂಮಿತಾಯಿ ಮನಿ ಎಲ್ಲೈತ್ರಿ?"

"ಅಂದ್ರ?"

"ಆಕಿ ಪಾಲು ಆಕಿ ಮನಿಗೆ ಹೋಗಬೇಕಲ್ರಿ. ಮೊನ್ನಿ ಆಕಿ ಡಬ್ಬಿ ಎಲ್ಲಾ ನಾನ ಹೊತ್ತು ಅಡತಿಯವನ ತಕ್ಕಡಿಗೆ ಹಾಕೇನಿ. ಭೂಮಿತಾಯಿ ಮಾಲಿನ ರೊಕ್ಕದ ಪಟ್ಟಿ ನಿಮ್ಮ ಹೆಸರಿಲೆ ಆಗೇತಿ."

ಒಳಗಿನಿಂದ ರಾಯರ ತಾಯಿ ಸಖೂಬಾಯಿಯವರ ದನಿ ಬಂತು: "ಪ್ರಲ್ಹಾದಾ, ಯಾರೋ ಅಂವಾ? ಇಷ್ಟ್ಯಾಕ ಒದರ್ಲಿಕ್ಕೆ ಹತ್ಯಾನ?"

"ಹುಲಿಗೆವ್ವನ ಮಗಾ, ಅವ್ವಾ."

"ಅಯ್ಯ, ಆಕೀ ಮಗನ? ಆಕಿ ಎಷ್ಟು ಶಾಂತ ಹೆಣ್ಣಮಗಳು!"

ಶಾಂತ! ನಮ್ಮವ್ವ ಇವರ ಹೊಲದಲ್ಲಿ ಮಣ್ಣು ಹಿಡಿದ ಉಗುರು ಕಿತ್ತು ಬಂದರೂ ತುಟಿ ಎರಡು ಮಾಡದ್ದಕ್ಕೆ ಇವರು ಕೊಟ್ಟ ಬಿರುದು. ನಾನು ರಾಯರ ಮುಂದಿನ ಕಿಲೋ ಕಲ್ಲನ್ನು ತೋರಿಸಿದೆ.

"ಇದೇನ್ರಿ?"

ಅವರ ಮುಖ ಅರಳಿತು. "ಇದ ನೋಡು, ಇದ ನ್ಯಾಯ. ಇನ್ನ ಮುಂದ ಊರಿಗೊಂದು ಸೇರು ಇಲ್ಲ. ಕಾಶ್ಮೀರದಿಂದ ಕನ್ಯಾಕುಮಾರಿ ತನಕಾ ಒಂದ ತೂಕ. ಬಡವ್ರಿಗೆ ಮೋಸ ಮಾಡ್ಲಿಕ್ಕೆ ಜಾಗಾನ ಉಳಿಯೂದಿಲ್ಲ."

"ಕಾಶ್ಮೀರ ದೂರ ಆತ್ರಿ. ತಿಕೋಟಾದಿಂದ ವಿಜಾಪುರ ತನಕಾ ಒಂದ ಎಣಿಕಿ ಮಾಡ್ರಿ, ಸಾಕು."

ರಾಯರು ಕಿಲೋ ಕಲ್ಲನ್ನು ಎತ್ತಿ ಕೈಯಲ್ಲಿ ಹೊರಳಿಸಿದರು. ವಕೀಲರು ಸುಮ್ಮನಿದ್ದರೆ ಸೋತರು ಎಂದು ನಾನು ತಿಳಿದೆ. ನನ್ನ ದಡ್ಡತನ.

"ಆಗ್ಲಿ," ಎಂದರು. "ನಾನು ಹಟಮಾರಿ ಅಲ್ಲ. ನಿಮ್ಮ ಹೆಣ್ಣಮಕ್ಕಳು ಒಂದು ಅಂತ ಸುರು ಮಾಡ್ರಿ ಅಂದ್ರ ಸುರು ಮಾಡಸ್ತೀನಿ. ಅವ್ರ ಬಾಯಿಲೆ ಅನಿಸು. ಅಂತಾರೇನು?"

ಅವರಿಗೆ ಗೊತ್ತಿತ್ತು. ನನ್ನ ಬೆನ್ನಿನ ಮೇಲೆ ಅವ್ವನ ಗುದ್ದು ಇನ್ನೂ ನೋಯುತ್ತಿತ್ತು. ನಾನು ಎದ್ದೆ. ನಾನು ಎದ್ದ ಮೇಲೆ ಅವರು ಬರೆಯುವುದಕ್ಕೆ ಕಾಗದ ಎಳೆದುಕೊಳ್ಳುತ್ತ, ಹವೆಯ ವಿಷಯ ಹೇಳುವವರ ಹಾಗೆ ಹೇಳಿದರು: "ಹಾಂ, ಬೆಳಿಗ್ಗೇನ ಗಾಡಿ ಬಬಲೇಶ್ವರಕ್ಕ ಹೋಗ್ಯದ. ಅಲ್ಲಿಯ ಹೆಣ್ಣಮಕ್ಕಳು ಬರ್ತಾರ. ನಿಮ್ಮವ್ವಗ ಹೇಳು, ಸಂಜೀಕೆ ಬಂದು ನಿನ್ನಿ ರಾಶಿದು ಪಾಲು ತಗೊಂಡು ಹೋಗ್ಲಿ ಅಂತ. ಯಾರ ಪಾಲೂ ನನಗ ಬ್ಯಾಡ."

ಎರಡೂ ಬಾಜೂ ಕೇಳುವ ಮೊದಲೇ ಗಾಡಿ ಹೂಡಿಸಿದ್ದರು. ಚಹಾ ಕಪ್ಪು ಮೆಟ್ಟಿಲ ಮೇಲೆಯೇ ಬಿಟ್ಟು ಬಂದೆ. ತೊಳೆದು ಗೂಡಿಗೆ ಇಡಲಿಲ್ಲ. ಅಷ್ಟೇ ನನ್ನಿಂದ ಆದದ್ದು.

ಮಧ್ಯಾಹ್ನ ಮನೆಗೆ ಬಂದರೆ ಅವ್ವ ಹೊಸ್ತಿಲ ಮೇಲೆ ಕುಳಿತಿದ್ದಳು. ಕೆಲಸವಿಲ್ಲದ ಅವ್ವನನ್ನು ನಾನು ಹಗಲು ಹೊತ್ತಿನಲ್ಲಿ ಕಂಡದ್ದೇ ಕಡಿಮೆ. ಸಾವಂತ್ರವ್ವನೂ ಅಲ್ಲಿದ್ದಳು.

"ಬಂದರಬೇ ನಮ್ಮ ಕೇರಿ ವಕೀಲ್ರು," ಎಂದಳು ಆಕೆ. "ಬಬಲೇಶ್ವರದ ಗಾಡಿ ನಮ್ಮ ಕೇರಿ ಮುಂದ ಹಾದ ಹೋತು. ಹಾಡ್ಕೋತ ಹೋದ್ರು. ಜ್ವಾಳದ ಸುಗ್ಗಿ ತನಕಾ ನಾವು ಇಲ್ಲೇ ಕುಂತು ನಿನ್ನ ಭಾಷಣ ಕುಟ್ಟಿ ಹಿಂಡಿ ಮಾಡ್ಕೊಂಡು ತಿನ್ನೂಣು."

ನಾನು ರಾಯರು ಹೇಳಿದ್ದನ್ನೆಲ್ಲ ಹೇಳಿದೆ. ಅವ್ವ ಹೊಸ್ತಿಲ ಮೇಲೆ ಬೆರಳಿನಿಂದ ಗೆರೆ ಎಳೆದು ಎಣಿಸಿದಳು. ಆಮೇಲೆ ಕೇಳಿದಳು: "ಪ್ಯಾಟ್ಯಾಗ ಸಾಬ ಹೆಂಗ ಅಂತಾನ? ಅಂವ ಅಂದಂಗ ಅಂದು ತೋರ್ಸು."

"ಲಾಭ! ಎರಡ! ಮೂರ!" ಎಂದು ಸಾಬನ ದನಿಯಲ್ಲೇ ಕೂಗಿದೆ.

"ನಡುವ ಒಂದ ಅನ್ನೂದ ಇಲ್ಲ?"

"ಇಲ್ಲ."

"ಮೆಲ್ಲಕೂ ಅನ್ನೂದಿಲ್ಲ? ಮೂಗಿನಾಗ?"

"ಇಲ್ಲಬೇ. ಲಾಭಾನ ಒಂದು ಅಂತಾನ."

ಅವ್ವ ಸಾವಂತ್ರವ್ವನನ್ನು ನೋಡಿದಳು. ಸಾವಂತ್ರವ್ವ ಅವ್ವನನ್ನು ನೋಡಿದಳು. "ಅಯ್ಯ ಇವನ..." ಎಂದು ಶುರುಮಾಡಿದ ಸಾವಂತ್ರವ್ವ ಬೈಗುಳ ಸಿಗದೆ ನಿಲ್ಲಿಸಿದಳು, ಅಂಥದ್ದು ನಾನು ಮೊದಲ ಸಲ ಕಂಡದ್ದು.

"ಅಂದ್ರ," ಎಂದಳು ಅವ್ವ, ಒಂದೊಂದೇ ಮಾತನ್ನು ಕಾಯಿ ಹರಿದಂತೆ ಹರಿದು ಇಡುತ್ತ, "ಇಷ್ಟು ವರ್ಷ ನಮ್ಮ ರಾಶಿ ಮುಂದ ಒಂದ ಅಂದಾಂವ ಅಂವ. ಲಾಭ ಅಂದಮ್ಯಾಲ ಒಂದರ ಬಾಯಿ ಮುಚ್ಚಬೇಕು. ಅಂವ ಲಾಭಾನೂ ಅಂದ, ಒಂದೂ ಅಂದ. ಗೊಣಗಿ ಅಂದ್ರ ರಾಶಿಗೆ ಕೇಳೂದಿಲ್ಲ ಅಂತ ನಾವೂ ಸುಮ್ಮ ಕುಂತಿವಿ. ನೀ ಏನ ಮಾಡಿದಿ? ಲಾಭ ಬಿಟ್ಟು ಒಂದ ಅನ್ರಿ ಅಂದಿ. ತಪ್ಪ ನಿಂದು."

"ಯವ್ವಾ, ಎರಡೂ ಒಂದ ಅಲ್ಲೇನಬೇ..."

"ಅಲ್ಲ! ನೀ ಬಿಡಸಾಕ ಹೋದದ್ದು ನಮ್ಮ ಮಾತು. ಬಿಡಸಬೇಕಾದ್ದು ಅವನ ಮಾತು." ಅವ್ವ ಎದ್ದು ಸೆರಗು ಕಟ್ಟಿದಳು. "ಸಾವಂತ್ರಿ, ಎಲ್ಲಾರನ್ನೂ ಕರಿ. ಹೊಲಕ್ಕ ಹೋಗೂಣು. ಅಲ್ಲಿ ನೀ ಬಾಯಿ ತಗೀಬ್ಯಾಡ," ಎಂದು ನನಗೆ ಬೆರಳು ತೋರಿಸಿದಳು.

ಸಂಜೆ ಹೊಲದಲ್ಲಿ ಎರಡು ರಾಶಿ ಇದ್ದವು. ಒಂದು ನಿನ್ನೆಯ ನಮ್ಮವರದು, ಇನ್ನೊಂದು ಆ ದಿನ ಬಬಲೇಶ್ವರದವರು ಹರಿದದ್ದು. ಹೊಲದ ತುಂಬ ಕಿತ್ತ ಬಳ್ಳಿ ಇನ್ನೂ ಹರಿಯದೆ ಬಿದ್ದಿತ್ತು. ರಾಯರೂ ಬಾಡಿಗೆಯ ಮೋಟಾರಿನಲ್ಲಿ ಬಂದು ಕಂಬಳಿಯ ಮೇಲೆ ಕುಳಿತಿದ್ದರು. ಜಗಳವಾಗಬಾರದೆಂದು ತಾವೇ ಬಂದದ್ದಾಗಿ ಹೇಳಿದರು. ನನಗೆ ಬಾಯಿ ತುರಿಸಿತು. ಹಲ್ಲು ಕಚ್ಚಿ ನಿಂತೆ.

ಅವ್ವ ನೇರ ಬಬಲೇಶ್ವರದ ಗುಂಪಿನತ್ತ ಹೋದಳು. ಅವರ ಮುಂದಾಳು ಪರಸವ್ವ, ಹಣೆಯಗಲ ಕುಂಕುಮದ ಗಟ್ಟಿ ಹೆಂಗಸು. ನಮ್ಮವರನ್ನು ಕಂಡು ಕುಡುಗೋಲಿಗೆ ಕೈ ಹಾಕಿದ್ದಳು.

"ನಿಮ್ಮ ಕೂಡ ಜಗಳಾಡಾಕ ಬಂದಿಲ್ಲಬೇ," ಎಂದಳು ಅವ್ವ. "ಒಂದ ಮಾತ ಕೇಳ್ತೇನಿ. ನಿಮ್ಮ ಬಬಲೇಶ್ವರದಾಗ ರಾಶಿ ಮುಂದ ಒಂದ ಅಂತಾರೇನ?"

"ಛೀ! ಯಾರಬೇ ಅನ್ನಾವ್ರು? ಅವರ ಬಾಯಾಗ ಹುಳ ಬೀಳಲಿ!"

"ಹಂಗಾದ್ರ ಕಿವಿಗೊಟ್ಟು ಕೇಳ್ರಿ," ಎಂದು ಅವ್ವ ರಾಶಿಯ ಕಡೆಗೆ ತಿರುಗಿದಳು. "ಸಾಬಣ್ಣ, ನಮ್ಮ ರಾಶಿ ಮೊದಲ ಅಳಿ."

ಸಾಬ ರಾಯರ ಮುಖ ನೋಡಿದ. ರಾಯರು ಹೂಂ ಎಂದರು. ಡಬ್ಬಿ ತುಂಬಿತು, ಎದ್ದಿತು.

"ಲಾಭ!"

ಹೆಂಗಸರೆಲ್ಲ ಸಾಬನ ಬಾಯಿಯತ್ತ ಬಾಗಿ ನಿಂತಿದ್ದರು. ಸಾಬ ಎರಡನೆಯ ಡಬ್ಬಿ ತುಂಬಿ ಎತ್ತಿ, ಮೂಗಿನಲ್ಲಿ "ಒಂ..." ಎಂದ.

"ಥೂ!" ಎಂದು ಸಾವಂತ್ರವ್ವ ಅವನ ಕಾಲ ಬಳಿ ಉಗುಳಿದಳು. "ಕೇಳಿದಿರೇನಬೇ ಬಬಲೇಶ್ವರದಾವ್ರ? ರಾಶಿ ಮುಂದ ಒಂದ ಅಂದ! ನಮ್ಮ ಅನ್ನದ ಮುಂದ ಒಂದ ಅಂದ!"

"ಹೌದಬೇ, ಅಂದ!" ಎಂದು ಪರಸವ್ವ ಹೌಹಾರಿದಳು. ಅವಳ ಹಿಂದಿದ್ದವರೆಲ್ಲ ಉಗುಳಿದರು.

ಸಾಬ ಡಬ್ಬಿ ಕೆಳಗಿಟ್ಟ. "ಅರೆ, ತೌಬಾ ತೌಬಾ, ನಾ ದಿನಾ ಅನ್ನೂದ..."

"ದಿನಾ ಅಂದಿ ಅಂತನ ನಮ್ಮ ಗಡಿಗಿ ದಿನಾ ಒಣಗೇತಿ," ಎಂದಳು ಅವ್ವ. ಆಮೇಲೆ ರಾಯರತ್ತ ತಿರುಗಿದಳು. ದನಿ ಏರಿಸಲಿಲ್ಲ. "ಯಪ್ಪಾ, ನೀವು ಓದಿದಾವ್ರು. ಲಾಭ ಭೂಮಿತಾಯಿದು ಅಂದ್ರಂತ. ಖರೆ ಐತಿ. ಆಕಿ ಮುಂದ ಒಂದ ಅನ್ನಬಾರದು ಅಂತನ ಲಾಭ ಅಂತೀವಿ. ಮತ್ತ ನಿಮ್ಮ ಆಳು ಲಾಭ ಅಂದಮ್ಯಾಲೂ ಒಂದ ಅಂತಾನ. ಇದು ಆಕಿಗೆ ಅಪಮಾನ ಅಲ್ಲೇನ್ರಿ? ಪ್ಯಾಟ್ಯಾಗ ನಿಮ್ಮ ಚೀಲದ ಮುಂದ ಅನ್ನೂದಿಲ್ಲಂತ. ನಮ್ಮ ರಾಶಿ ಮುಂದ ಅಷ್ಟ ಯಾಕ?"

ಪ್ರಲ್ಹಾದರಾಯರ ಬಳಿ ನನ್ನ ಮಾತಿಗೆಲ್ಲ ಉತ್ತರವಿತ್ತು. ಹಳೆಯ ಪದ್ಧತಿ ಬಿಡಿ ಎಂದು ಕೇಳಿದ್ದರೆ ಅವರು ಗೆಲ್ಲುತ್ತಿದ್ದರು. ಪದ್ಧತಿಯನ್ನು ಪೂರ್ತಿ ಪಾಲಿಸಿ ಎಂದು ಕೇಳಿದ್ದಳು ಅವ್ವ.

"ಆತು," ಎಂದರು ರಾಯರು ಕೊನೆಗೆ. "ಲಾಭ, ಎರಡು ಅಂತ ಎಣಸ್ರಿ." ಹೆಂಗಸರು ಉಸಿರು ಬಿಡುವುದರೊಳಗೆ ಮುಂದಿನ ಮಾತು ಬಂತು: "ಆದ್ರ ಹತ್ತಕ್ಕೊಂದು ನನಗ ಪೂರೈಸೂದಿಲ್ಲ. ಹನ್ನೊಂದಕ್ಕೊಂದು."

ನನಗೆ ತಡೆಯಲಾಗಲಿಲ್ಲ. "ನೋಡ್ರಿ, ಬಾಯಿ ಬಿಟ್ಟ! ಇಷ್ಟ ವರ್ಷ ಕೊಟ್ಟದ್ದೂ ಹನ್ನೊಂದಕ್ಕೊಂದ!"

"ನಿನಗ ಸುಮ್ಮನಿರು ಅಂದಿದ್ದಿಲ್ಲೇನ?" ಎಂದಳು ಅವ್ವ. ಆದರೆ ಅವಳ ಮುಖದಲ್ಲಿ ಏನೋ ಸಡಿಲಾಗಿತ್ತು. ಅವಳು ರಾಯರನ್ನು ನೋಡುವ ರೀತಿಯೇ ಬದಲಾಗಿತ್ತು; ಸಂತೆಯಲ್ಲಿ ಬದನೆಕಾಯಿ ಮಾರುವವನನ್ನು ನೋಡುವ ಹಾಗೆ ನೋಡಿದಳು. 'ಲಾಭ'ದ ಕೂಡ ಅವಳು ಯಾವತ್ತೂ ಜಗಳಾಡುತ್ತಿರಲಿಲ್ಲ. ಹನ್ನೊಂದು ಎಂಬುದು ಬರೀ ಧಾರಣೆ. ಧಾರಣೆಯ ಕೂಡ ಜಗಳಾಡಲು ನಮ್ಮ ಕೇರಿಯ ಯಾವ ಹೆಂಗಸಿಗೂ ಯಾರೂ ಕಲಿಸಬೇಕಾಗಿಲ್ಲ.

"ಹನ್ನೊಂದಕ್ಕ ನಾವು ಬರೂದಿಲ್ರಿ," ಎಂದು ಅವ್ವ ನೆಲಕ್ಕೆ ಕುಳಿತಳು.

ರಾಯರು ಪರಸವ್ವನತ್ತ ನೋಡಿದರು. "ನೀವೇನಂತೀರೇ?"

"ಹತ್ತಕ್ಕೊಂದು ಅಂತ ಕರಕೊಂಡು ಬಂದೀರಿ," ಎಂದಳು ಪರಸವ್ವ. "ನಮ್ಮೂರಾಗ ಹನ್ನೊಂದಕ್ಕ ಕತ್ತೆನೂ ದುಡಿಯೂದಿಲ್ಲ." ಆಕೆಯೂ ಕುಳಿತಳು. ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು. ಒಬ್ಬಳು ಮಗುವಿಗೆ ಮೊಲೆ ಕೊಟ್ಟಳು. ಸಾವಂತ್ರವ್ವ ಎಲೆಯಡಿಕೆಯ ಚೀಲ ಬಿಚ್ಚಿ ಬಬಲೇಶ್ವರದವರತ್ತ ಚಾಚಿದಳು.

ಬಳ್ಳಿಯ ಮೇಲೆ ಕಾಗೆಗಳು ಇಳಿಯತೊಡಗಿದ್ದವು. ಸಾಬ ಓಡಿ ಓಡಿಸಿದರೆ ಆ ಕಡೆ ಎದ್ದು ಈ ಕಡೆ ಕೂಡುತ್ತಿದ್ದವು. ಕಿತ್ತ ಬಳ್ಳಿ ಇನ್ನು ಎರಡು ದಿನ ಬಿದ್ದರೆ ಕಾಯಿ ಕಾಂಡದಿಂದ ಉದುರಿ ಮಣ್ಣು ಪಾಲು. ಆರಿಸಲು ಇಮ್ಮಡಿ ಆಳು ಬೇಕು. ಅದು ವಕೀಲರಿಗೂ ಗೊತ್ತಿತ್ತು. ಅವರು ಎದ್ದು ಧೋತರ ಝಾಡಿಸಿಕೊಂಡರು.

"ಅಳೀ," ಎಂದರು ಸಾಬನಿಗೆ. "ಹತ್ತಕ್ಕ."

ಸಾಬ ಡಬ್ಬಿ ಎತ್ತಿದ. "ಲಾಭ!" ಎಂದ. ಮುಂದಿನ ಡಬ್ಬಿ ಎತ್ತಿ ಹೆಂಗಸರ ಮುಖ ನೋಡಿದ. ಹೊಲವೆಲ್ಲ ಒಂದೇ ಬಾಯಾಗಿ ಕೂಗಿತು: "ಎರಡ!"

ಎರಡೂ ರಾಶಿ ಹಾಗೇ ಅಳೆದರು. ಗೆದ್ದೆವು ಎಂದು ನಾನು ಕುಣಿಯುತ್ತಿದ್ದೆ. ಅಷ್ಟರಲ್ಲಿ ರಾಯರು ಮೋಟಾರು ಹತ್ತುತ್ತ ಗಾಡಿಯವನಿಗೆ ಹೇಳಿದರು: "ಗಾಡಿ ವಿಜಾಪುರಕ್ಕ ಹೊಡಿ. ಬಬಲೇಶ್ವರಕ್ಕ ಹೋಗೂದು ಬ್ಯಾಡ. ಗಾಡಿ ಕೊಡ್ತೀನಿ ಅಂತ ಕರಾರು ಇರ್ಲಿಲ್ಲ."

ಗಾಡಿ ಖಾಲಿ ಹೋಯಿತು. ಖಾಲಿ! ಒಂದು ಚೀಲ ಕೂಡ ಹಾಕಿರಲಿಲ್ಲ. ಕಾಯಿಯ ಬುಟ್ಟಿ ಹೊತ್ತ ಹೆಂಗಸರ ಮುಂದೆಯೇ ಗಲಗಲ ಸದ್ದು ಮಾಡುತ್ತ ಹೋಯಿತು. ನಾನು ಕಲ್ಲು ಎತ್ತಿಕೊಂಡೆ. ಸಾಬ ನನ್ನ ಕೈ ಹಿಡಿದ.

"ಬಿಡಲೇ. ಒಂದು ಹೊಲದಾಗ ಬಾಯಿ ಕಟ್ಟಿದಿರಿ. ಮಮದಾಪುರ ತನಕಾ ಎಷ್ಟು ಹೊಲ ಅದಾವು ಗೊತ್ತೈತೇನ? ನಾಳೆ ಆ ಕಡಿ ಅಳಿಯಾಕ ಕರದಾರ."

"ಅಲ್ಲಿ ಏನಂತಿ?"

"ಹೊಲದ ಧಣಿ ಹೆಂಗ ಅಂತಾನ ಹಂಗ," ಎಂದು ಸಾಬ ತಲೆ ತಗ್ಗಿಸಿದ. "ಬಾಯಿ ನಂದು, ಮಾತು ನಂದಲ್ಲ."

ನಾಳೆ ಇನ್ನೊಂದು ಹೊಲದಲ್ಲಿ ಇದೇ ಬಾಯಿ ಗೊಣಗುತ್ತದೆ, ಇನ್ನಾರದೋ ಗಡಿಗೆ ಒಣಗುತ್ತದೆ, ಇನ್ನಾವನೋ ಗಂಡ ಹೆಂಡತಿಗೆ ಹೊಡೆಯುತ್ತಾನೆ. ಕಲ್ಲನ್ನು ಯಾರ ಮೇಲೆ ಎಸೆಯಬೇಕೆಂದು ತಿಳಿಯದೆ ಕೆಳಗೆ ಹಾಕಿದೆ.

ಬಬಲೇಶ್ವರದವರನ್ನು ಅವ್ವ ನಮ್ಮ ಕೇರಿಗೇ ಕರೆದುಕೊಂಡು ಬಂದಳು. ಇನ್ನೂ ಬೆಳಕಿತ್ತು. ನಮ್ಮ ಮನೆಯ ಮುಂದೆ ಗೋಣಿತಟ್ಟು ಹಾಸಿ ನಮ್ಮವರ ಪಾಲಿನ ಕಾಯಿ ಸುರಿದರು. ಪರಸವ್ವ ಕಾಲು ಚಾಚಿ ಕುಳಿತು ನನ್ನ ಗಂಟು ಮೋರೆ ನೋಡಿ ನಕ್ಕಳು.

"ಏನೋ ತಮ್ಮಾ, ಗಾಡಿ ಹೋತಂತ ಚಿಂತಿ ಮಾಡ್ತೀಯೇನ? ನಾಳೆ ಕಾಯಿ ಹರದು ನಡಕೋತ ಹೋಗ್ತೀವಿ. ಕಾಲು ನಮ್ಮವು."

"ಹಳೇ ವರ್ಷದ್ದೂ ಕೇಳಬೇಕಿತ್ತು," ಎಂದೆ ನಾನು. "ನಾ ಹುಟ್ಟಿದಾಗಿಂದ ಆದ ಲಾಭ ಎಲ್ಲಾ..."

"ಕೇಳೂಣಂತ. ಮೊದಲ ಆ ಬುಟ್ಟಿ ಹಿಡಿ," ಎಂದಳು ಅವ್ವ.

ಅವಳು ಹಿತ್ತಾಳೆಯ ತಂಬಿಗೆಯಿಂದ ಕಾಯಿ ತುಂಬಿದಳು. ಮೊದಲ ತಂಬಿಗೆಯನ್ನು ನಮ್ಮ ಗುಂಪಿನವಳಲ್ಲದ ಪರಸವ್ವನ ಉಡಿಗೆ ಸುರಿದು, "ಲಾಭ" ಎಂದಳು. ಎರಡನೆಯದನ್ನು ತುಂಬಿದಳು. ಕೇರಿಯ ಹೆಂಗಸರೆಲ್ಲ ಮಾತು ನಿಲ್ಲಿಸಿ ಅವಳ ತುಟಿಯನ್ನೇ ನೋಡುತ್ತಿದ್ದರು.

"ನನ್ನ ಬಾಯಿ ಏನ ನೋಡ್ತೀರಿಬೇ, ಖೋಡಿಗೋಳು?" ಎಂದಳು ಅವ್ವ. "ಎರಡ!"